ಮಳೆ ಅಳೆದು ಬರೆದ ಪುಸ್ತಕ: ನನ್ನ ಅನುಭವ

ಕೋವಿಡ್ ಕಾಲದ ದೀರ್ಘ ರಜೆಯ ಬಳಿಕ, 2021ರ ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಮರಳಿ ಶಾಲೆಗೆ ಬಂದಾಗ, ನಮ್ಮ ಶಾಲೆಯ ಮೂರನೆಯ ತರಗತಿಯಲ್ಲಿದ್ದ ಐವರ ಪೈಕಿ ನಾಲ್ವರು ಹದಿನೈದನ್ನು 105 ಎಂದೂ ನೂರ ಐದನ್ನು 1005 ಎಂದೂ ಬರೆಯುತ್ತಿದ್ದರು. ಕಾಗುಣಿತವನ್ನು ರಾಗವಾಗಿ ಒಪ್ಪಿಸುತ್ತಿದ್ದರಾದರೂ, ನಡುವಿನಿಂದ ‘ಕಿ’ ಒಂದನ್ನೇ ಎತ್ತಿ ತೋರಿಸಿದರೆ ಮತ್ತೆ ‘ಕ’ದಿಂದ ಶುರುಮಾಡಿ ಅಲ್ಲಿಗೆ ನಡೆದುಕೊಂಡು ಬರಬೇಕಾಗಿತ್ತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಳಭಾಗದ, ಇಬ್ಬರು ಶಿಕ್ಷಕರ, ಇಪ್ಪತ್ತರ ಆಸುಪಾಸಿನ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. ನಲಿಕಲಿ ಕೋಣೆ, ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಚಟುವಟಿಕೆಗಳ ಮೂಲಕ ಕಲಿಯುವ ಕೋಣೆ, ನನ್ನ ಪಾಲಿನದು. 2009-10ರಲ್ಲಿ ನಲಿಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂದ ದಿನದಿಂದಲೂ ಅದರ ಏಣಿ (ಕಲಿಕೆಯ ಮೆಟ್ಟಿಲುಗಳ ಕ್ರಮ), ಕಾರ್ಡು (ಪ್ರತಿ ಮೆಟ್ಟಿಲಿನ ಚಟುವಟಿಕೆ), ತಟ್ಟೆ (ಮಕ್ಕಳು ಕೂರುವ ಗುಂಪು) ಇವುಗಳ ನಡುವೆಯೇ ಇದ್ದೇನೆ.

ಬಿಡಿ, ಹತ್ತು, ನೂರರ ಸ್ಥಾನಬೆಲೆ ಕಲಿಸಲು ನಾವು ಶಿಕ್ಷಕರೆಲ್ಲ ಮಾಡುವುದನ್ನೇ ನಾನೂ ಮೊದಲು ಮಾಡಿದೆ. ಹಿಡಿಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿಸಿದೆ, ಗಣಿತ ಕಿಟ್ಟಿನ ಮಣಿಸರ ಎಣಿಸಿದೆ, ಹುಣಸೆಬೀಜ, ಅಂಟುವಾಳದ ಬೀಜಗಳನ್ನು ಡಬ್ಬಿಗಳಲ್ಲಿ ತುಂಬಿಸಿದೆ. (ಗುಲಗಂಜಿಯನ್ನೂ ಇಟ್ಟಿದ್ದೆ. ಒಂದನೆಯ ತರಗತಿಯ ಮಗುವೊಂದು ಅದನ್ನು ಬಾಯಿಗೆ ಹಾಕಿಕೊಂಡದ್ದನ್ನು ಕಂಡು ನಡುಗಿ, ಅಂದೇ ಎಲ್ಲವನ್ನೂ ಹೊರಗೆ ಹಾಕಿದೆ. ಅದು ವಿಷದ ಬೀಜ. ಇನ್ನೂ ಇಟ್ಟುಕೊಂಡಿರುವವರು ದಯವಿಟ್ಟು ತೆಗೆಯಿರಿ.) ಮಕ್ಕಳು ಚೆನ್ನಾಗಿಯೇ ಕಟ್ಟು ಕಟ್ಟಿದರು, ಆದರೆ ಪಾಟಿಯ ಮೇಲೆ ಮತ್ತೆ 105 ಎಂದೇ ಬರೆದರು. ನಾನು ಹೇಳಿದೆನೆಂದು ಕಟ್ಟಿದರೇ ಹೊರತು, ಹತ್ತು ಹತ್ತಾಗಿ ಕಟ್ಟುವ ಅಗತ್ಯ ಅವರಿಗೆ ಒಮ್ಮೆಯೂ ಬಿದ್ದಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

2022ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ ತಪ್ಪಿದ ಕಲಿಕೆಯನ್ನು ತುಂಬಿಕೊಡುವ ‘ಕಲಿಕಾ ಚೇತರಿಕೆ’ ಕಾರ್ಯಕ್ರಮದ ಹಾಳೆಗಳನ್ನು ಹಿಡಿದು ಕುಳಿತಿದ್ದಾಗ, ಶಾಲೆಯ ಪಕ್ಕದ ಅಡಿಕೆ ತೋಟದ ಹಿರಿಯರೊಬ್ಬರು ಬೇಲಿಯಾಚೆಯಿಂದ, “ಮೇಷ್ಟ್ರೇ, ನಿನ್ನೆ ರಾತ್ರಿ ನಮ್ಮಲ್ಲಿ ಮೂರಿಂಚಿನ ಮೇಲಾಯ್ತು, ನಿಮ್ಮಲ್ಲೆಷ್ಟು?” ಎಂದು ಕೇಳಿದರು. ಶಾಲೆಗೂ ಅವರ ಮನೆಗೂ ಇರುವ ದೂರ ಮುನ್ನೂರು ಹೆಜ್ಜೆ ಮಾತ್ರ, ಮಳೆಯಲ್ಲಿ ಹೆಚ್ಚು ವ್ಯತ್ಯಾಸವಿರಲಾರದು. ಆದರೂ ಆ ಪ್ರಶ್ನೆ ಮಕ್ಕಳ ಕಿವಿಗೆ ಬಿತ್ತು, ಮತ್ತು ಅಂದು ಮಧ್ಯಾಹ್ನವೇ ಮೂರನೆಯ ತರಗತಿಯ ಹುಡುಗನೊಬ್ಬ ಬಕೆಟ್ಟನ್ನು ಅಂಗಳದ ನಡುವೆ ಇಟ್ಟು ಬಂದ.

ಬಕೆಟ್ಟಿನ ಲೆಕ್ಕ ನಮ್ಮ ಮಾನ ಕಳೆಯಿತು. ತೋಟದವರ ಮಾಪಕದಲ್ಲಿ ಎಪ್ಪತ್ತೆಂಟು ಮಿಲಿಮೀಟರ್ ಇದ್ದ ದಿನ ನಮ್ಮದರಲ್ಲಿ ನೂರಿಪ್ಪತ್ತರ ಮೇಲೆ ನಿಂತಿತ್ತು. ಬಾಯಿ ಅಗಲ, ಬುಡ ಕಿರಿದು ಇದ್ದರೆ ಹಾಗೆಯೇ ಆಗುವುದು. ಅನಂತರ ತಂಪುಪಾನೀಯದ ಬಾಟಲಿಯ ಕುತ್ತಿಗೆ ಕತ್ತರಿಸಿ ತಿರುವಿ ಇಟ್ಟೆ. ಅದರ ಬುಡದಲ್ಲಿ ಉಬ್ಬುತಗ್ಗುಗಳಿದ್ದವು. ಅಲ್ಲದೆ ಸಣ್ಣ ಬಾಟಲಿಯೊಳಗೆ ಮರದ ಸ್ಕೇಲು ಇಳಿಸಿದೊಡನೆ ನೀರೇ ಎರಡು ಮೂರು ಮಿಲಿಮೀಟರ್ ಮೇಲೇರುತ್ತಿತ್ತು. ಮುನ್ನೂರೈವತ್ತೋ ಎಷ್ಟೋ ಕೊಟ್ಟು ತರಿಸಿದ ಪ್ಲಾಸ್ಟಿಕ್ ಮಾಪಕ ಹನ್ನೊಂದನೆಯ ದಿನ ಮಂಗಗಳ ಪಾಲಾಯಿತು. ಕೊನೆಗೆ ಪ್ಲಂಬರ್ ಒಬ್ಬರು ಬಿಸಾಡಿದ್ದ ನಾಲ್ಕಿಂಚಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡಿಗೆ ಎಪ್ಪತ್ತು ರೂಪಾಯಿಯ ಮುಚ್ಚಳ ಅಂಟಿಸಿ, ಒಳಗೆ ತೆಳುವಾಗಿ ಸಿಮೆಂಟು ಹುಯ್ದು ತಳ ಮಟ್ಟಮಾಡಿ, ಧ್ವಜಕಟ್ಟೆಯಿಂದ ಹತ್ತು ಹೆಜ್ಜೆ ಆಚೆ, ಮರದ ಹನಿಯೂ ಸೂರಿನ ನೀರೂ ಬೀಳದ ಜಾಗದಲ್ಲಿ ಗೂಟಕ್ಕೆ ಕಟ್ಟಿದೆ. ಇಂದಿಗೂ ಅದೇ ಇದೆ. ಸಣ್ಣ ಶಾಲೆಗೆ ಬರುವ ಹತ್ತು ಸಾವಿರದ ಅನುದಾನ ಮಳೆಗಾಲ ಮುಗಿದ ಮೇಲೆ ಕೈಸೇರುವುದರಿಂದ ಇದೆಲ್ಲಕ್ಕೂ ನನ್ನ ಜೇಬಿನ ಹಣವೇ ಹೋಯಿತು. ಮೂರು ವರ್ಷಕ್ಕೆ ಸಾವಿರದ ನಾನೂರರ ಹತ್ತಿರ ಆಗಿರಬಹುದು, ಅದರಲ್ಲಿ ಅರ್ಧ ಮಂಗಗಳ ಮತ್ತು ನನ್ನ ದಡ್ಡತನದ ಲೆಕ್ಕ.

ಪೈಪಿನೊಳಗೆ ಕಣ್ಣು ಹಾಯುವುದಿಲ್ಲವಾದ್ದರಿಂದ ಅಳೆಯಲು ಬಿದಿರಿನ ಸಪೂರ ಕಡ್ಡಿ ಬೇಕಾಯಿತು, ಮತ್ತು ಇಡೀ ಪ್ರಯೋಗದ ಜೀವ ಇರುವುದು ಆ ಕಡ್ಡಿಯಲ್ಲಿಯೇ. ಕಡ್ಡಿಯ ಮೇಲೆ ಮಿಲಿಮೀಟರಿನ ಗೀಟುಗಳು ಸಣ್ಣವಾಗಿ ನೀಲಿಯಲ್ಲಿವೆ; ಪ್ರತಿ ಹತ್ತಕ್ಕೆ ಸುತ್ತಲೂ ಕೆಂಪು ಬಳೆಯಿದೆ; ನೂರಕ್ಕೆ ಎರಡು ಕಪ್ಪು ಬಳೆ. ಸಂಖ್ಯೆಗಳನ್ನು ಮಾತ್ರ ಬರೆದಿಲ್ಲ. ಸರದಿಯ ಮಗು ಕಡ್ಡಿ ಇಳಿಸಿ ಎತ್ತಿದಾಗ ಒದ್ದೆಯ ಗುರುತು ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ಕೆಂಪು ಬಳೆಗಳನ್ನು ಎಣಿಸಬೇಕು, ಆಮೇಲೆ ಉಳಿದ ನೀಲಿ ಗೀಟುಗಳನ್ನು. ಆರು ಕೆಂಪು, ಎರಡು ನೀಲಿ: ಅರವತ್ತೆರಡು. ಒಂದೊಂದಾಗಿ ಎಣಿಸುತ್ತ ನಿಂತರೆ ಅಷ್ಟರಲ್ಲಿ ಮತ್ತೊಂದು ಜಡಿಮಳೆ ಬಂದು ತಲೆ ನೆನೆಸುತ್ತದೆ. ಹತ್ತು ಹತ್ತಾಗಿ ಎಣಿಸುವ ಅಗತ್ಯವನ್ನು ಮಳೆಯೇ ಕಲಿಸಿತು. ಹದಿನೈದು ಬಂದ ದಿನ ಒಬ್ಬಳು ಹಲಗೆಯ ಮೇಲೆ 105 ಎಂದು ಬರೆದಾಗ ನಾನು ಬಾಯಿ ತೆರೆಯಲಿಲ್ಲ. “ನೂರರ ಕಪ್ಪು ಬಳೆ ಎಲ್ಲಿ ಒದ್ದೆಯಾಗಿದೆ ತೋರಿಸು” ಎಂದು ಪಕ್ಕದವನೇ ಕೇಳಿದ. ಅವಳು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, ನಡುವಿನ ಸೊನ್ನೆಯನ್ನು ಅಂಗೈಯಿಂದ ಒರೆಸಿದಳು. ಹತ್ತೊಂಬತ್ತು ಮಕ್ಕಳೂ ನೋಡುವವರೆಗೆ ಒದ್ದೆಯ ಗುರುತು ಮಾಸದಿರಲು ಕಡ್ಡಿಗೆ ಒಂದು ವಸ್ತುವನ್ನು ಸವರುತ್ತೇನೆ. ಅದೇನೆಂಬುದನ್ನು ಸದ್ಯ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಶಾಲೆಗೆ ಬಂದವರಿಗೆ ತೋರಿಸಬಲ್ಲೆ.

ಮೊದಲ ವರ್ಷ ಬೆಂಬಲಿಸಿದವರು ಯಾರೂ ಇರಲಿಲ್ಲ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ, “ಮಳೆ ಅಳೆಯೋದು ಮನೇಲೂ ಬರುತ್ತೆ ಸಾರ್, ನೀವು ಮಗ್ಗಿ ಹೇಳಿಕೊಡಿ” ಎಂದರು. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಎತ್ತಿದ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಏಣಿಯ ಪ್ರಕಾರ ಒಂದನೆಯ ತರಗತಿಯ ಮಗು ‘ರ ಗ ಸ ದ ಅ’ ಎಂಬ ಮೊದಲ ಅಕ್ಷರಗುಂಪಿನಲ್ಲಿರುವಾಗ ‘ಮಳೆ’ ಎಂಬ ಪದವನ್ನು ಅದರ ಮುಂದಿಡುವುದು ಹೇಗೆ? ‘ಮ’ ಬರುವುದು ಮುಂದಿನ ಗುಂಪಿನಲ್ಲಿ, ‘ಳೆ’ ಬರುವುದು ಇನ್ನೂ ಎಷ್ಟೋ ಮೆಟ್ಟಿಲುಗಳ ಆಚೆ. ಅವರ ಮಾತು ಸುಳ್ಳಲ್ಲ. ಆದರೆ ಏಣಿಯನ್ನು ನಾನು ಬಿಟ್ಟಿರಲಿಲ್ಲ. ಬೆಳಗಿನ ಇಪ್ಪತ್ತೈದು ನಿಮಿಷ ಮಾತ್ರ ಮಳೆಗೆ, ಉಳಿದ ಹೊತ್ತು ಕಾರ್ಡಿಗೆ. ‘ಮಳೆ’ಯನ್ನು ಚಿಕ್ಕವರು ಅಕ್ಷರ ಕೂಡಿಸಿ ಓದಲಿಲ್ಲ, ತಮ್ಮ ಹೆಸರನ್ನು ಗುರುತಿಸುವಂತೆ ಇಡಿಯಾಗಿ ಗುರುತಿಸಿದರು. ‘ಮ’ದ ಕಾರ್ಡು ಬಂದ ದಿನ ಅದು ಅವರಿಗೆ ಹಳೆಯ ಪರಿಚಯವಾಗಿತ್ತು.

ಬರವಣಿಗೆಯಲ್ಲಿ ಮಾತ್ರ ನಾನು ಹೀನಾಯವಾಗಿ ಸೋತೆ. ಅಂಕಿಯ ಪಕ್ಕದಲ್ಲಿ ಅಂದಿನ ಒಂದು ವಾಕ್ಯವನ್ನು ಸರದಿಯ ಮಗು ಉದ್ದಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ. ಮೊದಲ ದಿನ ‘ಮಳೆ ಬಂತು’. ಎರಡನೆಯ ದಿನ ‘ಮಳೆ ಬಂತು’. ಇಪ್ಪತ್ತು ದಿನ, ಇಪ್ಪತ್ತು ಸಲ ‘ಮಳೆ ಬಂತು’. ಒಬ್ಬನು ಮಾತ್ರ ‘ಮಳೆ ಜೋರು ಬಂತು’ ಎಂದು ಬರೆದು ಎಲ್ಲರಿಂದಲೂ ಹೊಗಳಿಸಿಕೊಂಡ. ಬೇಸತ್ತು ‘ಮಳೆ’ ಎಂಬ ಪದವನ್ನೇ ವಾಕ್ಯದಲ್ಲಿ ಬಳಸಬಾರದೆಂದು ಕಟ್ಟಪ್ಪಣೆ ಮಾಡಿದೆ. ಎರಡು ದಿನ ಪುಟ ಖಾಲಿ ಉಳಿಯಿತು. ಮೂರನೆಯ ದಿನ, ಎರಡನೆಯ ತರಗತಿಯ ಹುಡುಗಿ ಬರೆದಳು: ‘ಅಜ್ಜನ ಕಂಬಳಿ ಒಣಗಿಲ್ಲ.’ ಅಂದಿನಿಂದ ಪುಸ್ತಕ ಬದಲಾಯಿತು. ‘ಕರೆಂಟು ಹೋಗಿ ನಾಲ್ಕು ದಿನ.’ ‘ನನ್ನ ಕಾಲಿಗೆ ಮೂರು ಉಂಬಳ.’ ‘ಕೊಳೆ ಔಷಧಿ ಹೊಡೆಯಲು ಬಿಡುವು ಇಲ್ಲ ಅಂತ ಅಪ್ಪ ಬೈದರು.’ (ಉಂಬಳ ಎಂದರೆ ಜಿಗಣೆ; ಕೊಳೆ ಎಂದರೆ ಮಳೆಗಾಲದಲ್ಲಿ ಅಡಿಕೆಗೆ ತಗಲುವ ರೋಗ.)

ಒತ್ತಕ್ಷರಕ್ಕೆ ನಾನು ಬೇರೆ ಪಾಠ ಮಾಡುವುದನ್ನು ಬಿಟ್ಟದ್ದೂ ಈ ಪುಸ್ತಕದಿಂದಲೇ. ಒಮ್ಮೆ ‘ನಮ್ಮ ಗದೆಯಲ್ಲಿ ನೀರು ತುಂಬಿದೆ’ ಎಂದು ಬಂತು. ನಾನು ಕೆಂಪು ಶಾಯಿ ಹಚ್ಚದೆ, ಭೀಮನು ಹೆಗಲ ಮೇಲೆ ಗದೆ ಹೊತ್ತು ನಿಂತಿರುವಂತೆಯೂ ಅದರಿಂದ ನೀರು ಸೋರುತ್ತಿರುವಂತೆಯೂ ಹಲಗೆಯ ಮೇಲೆ ಬರೆದೆ. ನನ್ನ ಚಿತ್ರಕಲೆ ಅಷ್ಟಕ್ಕಷ್ಟೆ. ಆದರೂ ಮಕ್ಕಳು ಬಿದ್ದು ಬಿದ್ದು ನಕ್ಕರು, ಬರೆದವನೇ ಎದ್ದು ಬಂದು ‘ದ’ಕ್ಕೆ ಒತ್ತು ಕೊಟ್ಟ. ಆಮೇಲೆ ‘ಬಳಿ’, ‘ಬಳ್ಳಿ’, ‘ಕತೆ’, ‘ಕತ್ತೆ’ ಎಂಬ ಜೋಡಿಗಳನ್ನು ಅವರೇ ಹುಡುಕತೊಡಗಿದರು. ಮನೆಮಾತಿನ ರೂಪಗಳನ್ನು ನಾನು ತಿದ್ದುವುದಿಲ್ಲ, ಕಾಗುಣಿತ ತಪ್ಪಿದರೆ ಮಾತ್ರ ಕೇಳುತ್ತೇನೆ. ಇದು ಸರಿಯಲ್ಲವೆಂದು ಭೇಟಿಗೆ ಬಂದವರೊಬ್ಬರು ಷರಾ ಬರೆದರು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಜುಲೈ ಹೊತ್ತಿಗೆ ಗೋಡೆಯ ನಕ್ಷೆಗಳೆಲ್ಲ ಬೂಷ್ಟು ಹಿಡಿದವು. ಮೈದಾ ಅಂಟಿನ ವಾಸನೆಗೆ ಜಿರಳೆಗಳು ಬಂದು ಬಣ್ಣದ ಪಟ್ಟಿಗಳ ಅಂಚು ತಿಂದವು. ಉದ್ದಪುಸ್ತಕದ ತೇವದ ಪುಟದ ಮೇಲೆ ಪೆನ್ಸಿಲು ಓಡದೆ ಹಾಳೆಯೇ ಹರಿದುಹೋಗುತ್ತಿತ್ತು. ಲ್ಯಾಮಿನೇಷನ್‌ಗೆ ನೂರೈವತ್ತು ಸುರಿದೆ, ಅದರೊಳಗೂ ನೀರು ನುಗ್ಗಿತು. ಉಪಾಯ ಕೊಟ್ಟವರು ಬಿಸಿಯೂಟದ ಅಡುಗೆಯವರು: ಪುಸ್ತಕವನ್ನು ರಾತ್ರಿ ಅಕ್ಕಿಯ ಡ್ರಮ್ಮಿನೊಳಗೆ, ಹಗಲು ಒಲೆಯ ಪಕ್ಕದ ಹಲಗೆಯ ಮೇಲೆ ಇಡಬೇಕು. ಹಾಗೆ ಇಟ್ಟದ್ದರಿಂದ ಪುಸ್ತಕ ಉಳಿದಿದೆ, ಆಗಸ್ಟಿನ ಎರಡು ಪುಟಗಳ ಮೇಲೆ ಸಾಂಬಾರಿನ ಹಳದಿ ಕಲೆಯೂ ಉಳಿದಿದೆ.

ಕಳೆಯುವ ಲೆಕ್ಕಕ್ಕೆ ಪುಸ್ತಕವೇ ದಿನಕ್ಕೊಂದು ಪ್ರಶ್ನೆ ಕೊಡುತ್ತದೆ. ನಿನ್ನೆ 47, ಇಂದು 84, ಎಷ್ಟು ಹೆಚ್ಚು? ಎಂಟರಲ್ಲಿ ನಾಲ್ಕು ಹೋದರೆ ನಾಲ್ಕು, ಏಳರಲ್ಲಿ ನಾಲ್ಕು ಹೋದರೆ ಮೂರು, 43 ಎಂದು ಬರೆಯುವವರು ನಿಮ್ಮ ತರಗತಿಯಲ್ಲಿಯೂ ಇದ್ದಾರೆ. ದಶಕ ಪಡೆಯುವ ವಿಧಾನವನ್ನು ಆಮೇಲೆ ಕಲಿಸಿದೆ. ಮೊದಲು ಕಡ್ಡಿಯ ಮೇಲೆ ಬೆರಳಿಟ್ಟು ನಲವತ್ತೇಳರಿಂದ ಹತ್ತಿಸಿದೆ. ಮೂರು ನೀಲಿ ಗೀಟಿಗೆ ಐವತ್ತರ ಬಳೆ, ಮೂರು ಬಳೆ ಹಾರಿದರೆ ಎಂಬತ್ತು, ಮತ್ತೆ ನಾಲ್ಕು ಗೀಟು. ಮೂವತ್ತೇಳು. ಸೊನ್ನೆಯಲ್ಲಿ ಮಾತ್ರ ನಾನೂ ತಬ್ಬಿಬ್ಬಾದೆ. ಭಾನುವಾರ ಅಳೆಯದ ಕಾರಣ ಮಕ್ಕಳು ಅಲ್ಲಿ 0 ಬರೆದಿದ್ದರು, ಸೋಮವಾರ ಪೈಪಿನಲ್ಲಿ ಎರಡು ದಿನದ ನೀರಿತ್ತು. ಮಳೆ ಬಾರದ ದಿನಕ್ಕೆ 0, ಅಳೆಯದ ದಿನಕ್ಕೆ ಅಡ್ಡಗೀಟು ಎಂದು ನಾವು ಒಂದು ವಾರ ಚರ್ಚಿಸಿ ತೀರ್ಮಾನಿಸಿದೆವು. ಮಳೆ ರಜೆ ಘೋಷಣೆಯಾದರೆ ಶಾಲೆಗೆ ಹತ್ತಿರದ ಮನೆಯ ಹುಡುಗನೇ ಅಳೆದಿಡುತ್ತಾನೆ.

ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಲೆಕ್ಕದಲ್ಲಿ ಮಳೆ ಕೂಡಿಸುವ ಪ್ರಯೋಗವನ್ನೂ ಮಾಡಿದೆ. ಅಜ್ಜಂದಿರಿಗೆ ಬಹಳ ಹಿಡಿಸಿತು. ಆದರೆ ಒಂದು ಮಳೆನಕ್ಷತ್ರದ ಹದಿನಾಲ್ಕು ದಿನಗಳ ಸಂಖ್ಯೆಗಳನ್ನು ಒಟ್ಟಿಗೆ ಕೂಡಿಸಲು ಮೂರನೆಯ ತರಗತಿಯವರು ಒದ್ದಾಡಿ, ಕೊನೆಗೆ ನಾನೇ ಕೂಡಿಸುವಂತಾಯಿತು, ಕೈಬಿಟ್ಟೆ. ಮಳೆ ನಿಂತ ಮೇಲೆ ಅಡಿಕೆ ಸುಲಿಗೆಯ ಡಬ್ಬಿ ಲೆಕ್ಕ ಬರೆಯಿಸಲು ಹೋಗಿ ಇನ್ನೊಂದು ಪೆಟ್ಟು ತಿಂದೆ. ಯಾರ ತಾಯಿ ಎಷ್ಟು ಡಬ್ಬಿ ಸುಲಿದರು, ಎಷ್ಟು ಕೂಲಿ ಬಂತು ಎಂಬುದು ಮಕ್ಕಳ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತಾದದ್ದು ಮನೆಯವರಿಗೆ ಇಷ್ಟವಾಗಲಿಲ್ಲ, ಇಷ್ಟವಾಗಬೇಕಾಗಿಯೂ ಇರಲಿಲ್ಲ. ಈಗ ಡಿಸೆಂಬರಿನಿಂದ ಶಾಲೆಯ ಬಾವಿಗೆ ಗಂಟು ಹಾಕಿದ ಹಗ್ಗವನ್ನು ನಾನೊಬ್ಬನೇ ಇಳಿಸುತ್ತೇನೆ, ಮಕ್ಕಳು ಕಟ್ಟೆಯಿಂದ ದೂರ ನಿಂತು ಒದ್ದೆಯಾಗದ ಗಂಟುಗಳನ್ನು ಎಣಿಸಿ ನೀರು ಎಷ್ಟು ಕೆಳಗಿಳಿಯಿತೆಂದು ಬರೆಯುತ್ತಾರೆ.

ಮೊದಲ ವರ್ಷ ಆಕ್ಷೇಪಿಸಿದ್ದ ಅದೇ ಹಿರಿಯ ಸಹೋದ್ಯೋಗಿ 2024ರ ಡಿಸೆಂಬರಿನಲ್ಲಿ ಶಾಲೆಗೆ ಬಂದು, ನನ್ನನ್ನು ಹೊರಗೆ ಕೂರಿಸಿ, ಎರಡು ಮತ್ತು ಮೂರನೆಯ ತರಗತಿಯ ಹನ್ನೊಂದು ಮಕ್ಕಳಿಗೆ ಉಕ್ತಲೇಖನ ಕೊಟ್ಟರು. ನೂರ ಐದು, ಇನ್ನೂರ ಏಳು, ಮುನ್ನೂರ ನಲವತ್ತು. ಒಂಬತ್ತು ಮಕ್ಕಳು ಮೂರನ್ನೂ ಸರಿ ಬರೆದರು. ಉಳಿದಿಬ್ಬರಲ್ಲಿ ಒಬ್ಬ ಆಗ ತಾನೇ ಬಯಲುಸೀಮೆಯಿಂದ ಅಡಿಕೆ ಕೆಲಸಕ್ಕೆ ಬಂದ ಕುಟುಂಬದವನು, ಮಳೆಗಾಲವನ್ನು ನಮ್ಮೊಂದಿಗೆ ಕಂಡಿರಲಿಲ್ಲ. ಸಹೋದ್ಯೋಗಿ ಏನೂ ಹೇಳಲಿಲ್ಲ. ಹೊರಡುವಾಗ ಪೈಪಿನ ಅಳತೆಯನ್ನು ಬರೆದುಕೊಂಡು ಹೋದರು.

ನಾನು ಯೋಜಿಸಿರದ ಲಾಭವೊಂದು ಎರಡನೆಯ ವರ್ಷದಿಂದ ಕಾಣಿಸಿಕೊಂಡಿತು. ಅಂದಿನ ಮಳೆ ಬರೆಯುವ ಮೊದಲು ಹಿಂದಿನ ವರ್ಷದ ಅದೇ ದಿನಾಂಕದ ಪುಟವನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು, ಏಕೆಂದರೆ ಅಣ್ಣಂದಿರೂ ಅಕ್ಕಂದಿರೂ ಏನು ಬರೆದಿದ್ದರೆಂಬ ಕುತೂಹಲಕ್ಕೆ ಚಿಕ್ಕವರು ಪಟ್ಟುಹಿಡಿದು ಅಕ್ಷರ ಕೂಡಿಸಿದರು. ಒಂದು ಜುಲೈನಲ್ಲಿ ಒಂದನೆಯ ತರಗತಿಯ ಪುಟ್ಟವಳೊಬ್ಬಳು ಹಳದಿ ಕಲೆಯ ಹಳೆಯ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು, ಬೆರಳಿಟ್ಟು, ತನ್ನ ಅಕ್ಕನ ವಾಕ್ಯವನ್ನು ಓದಿ ಮುಗಿಸಿದಳು: ‘ಅಜ್ಜನ ಕಂಬಳಿ ಒಣಗಿಲ್ಲ.’ ಆಮೇಲೆ ತಲೆಯೆತ್ತಿ, “ಈ ಸಲಾನೂ ಒಣಗಿಲ್ಲ ಸಾರ್” ಎಂದಳು.