ಬದನೆ ಹೂ ಉದುರುತ್ತಿದೆಯಾ? ಒಂದಿಷ್ಟು ಬರಿ ಮಣ್ಣು ಬಿಡಿ

ನಮ್ಮ ಬಡಾವಣೆಯ ತೋಟದಲ್ಲಿ ಹೋದ ವರ್ಷ ಬದನೆ ಗಿಡದ ತುಂಬಾ ಹೂವು, ಕಾಯಿ ಮಾತ್ರ ಕಡಿಮೆ. ಸುಮ್ನೆ ಗೊಬ್ಬರ ಸುರಿದಿದ್ದೇ ಬಂತು. ಬದನೆ, ಟೊಮೆಟೊ ಹೂವಿನ ಪರಾಗ ಚೆನ್ನಾಗಿ ಉದುರಬೇಕಾದರೆ ಯಾರಾದರೂ ಹೂವನ್ನು ಹಿಡಿದು ಗುಂಯ್ ಅಂತ ನಡುಗಿಸಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ಕೆಲಸ ಬರುವುದಿಲ್ಲ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ, ಒಂಟಿಯಾಗಿ ಗೂಡು ಮಾಡುವ ಜೇನು, ದಪ್ಪ ಕಪ್ಪು ದುಂಬಿ, ಇವಕ್ಕೆ ಬರುತ್ತದೆ.

ನೀಲಿ ಪಟ್ಟೆಯದು ಗೂಡು ಮಾಡುವುದು ಮಣ್ಣಿನಲ್ಲಿ ಬಿಲ ತೋಡಿ. ಹಾಗಾಗಿ ಬಿಸಿಲು ಬೀಳುವ ಮೂಲೆಯಲ್ಲಿ ನಾಲ್ಕಡಿ ಜಾಗ ಅಗೆಯದೆ, ಒಣ ಎಲೆ ಮುಚ್ಚದೆ ಬಿಡಿ. ದುಂಬಿಗೆ ಒಣ ಬಿದಿರಿನ ತುಂಡು ಸಾಕು. ಇವಕ್ಕೆ ಮೇವಿಗೆ ಹೂವೂ ಬೇಕು, ಹಾಗಾಗಿ ತುಳಸಿ, ಕಾಮಕಸ್ತೂರಿಯ ತೆನೆಯನ್ನೆಲ್ಲಾ ಚಿವುಟಬೇಡಿ. ತುಂಬೆ ಗಿಡವನ್ನು ಕಳೆ ಅಂತ ಕೀಳುವವರೇ ಜಾಸ್ತಿ, ಅಲ್ವಾ? ನಾನೂ ಕಿತ್ತವಳೇ.

ಗುಲಾಬಿ ಎಲೆಯ ಅಂಚು ಕತ್ತರಿಯಲ್ಲಿ ದುಂಡಗೆ ಕತ್ತರಿಸಿದಂತೆ ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಎಲೆ ಕತ್ತರಿಸುವ ಜೇನು ಗೂಡಿನ ಒಳಗೆ ಹಾಸಲು ಒಯ್ದಿರುತ್ತದೆ. ಗಿಡಕ್ಕೇನೂ ಆಗುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಒಮ್ಮೆ ಒಣ ಕಡ್ಡಿಗಳ ಕಡೆ ನೋಡಿ. ನೀಲಿ ಪಟ್ಟೆಯ ಗಂಡು ಜೇನುಗಳು ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಲಾಗಿ ಮಲಗಿರುತ್ತವೆ.