ದೊಡ್ಡ ಎಲೆಕ್ಟ್ರಿಕ್ ಸೆಡಾನ್ ಒಂದು ಚಾರ್ಜಿಗೆ ನಿಜವಾಗ್ಲೂ ಎಷ್ಟು ಓಡತ್ತೆ? ನೀವೇ ಲೆಕ್ಕ ಹಾಕ್ಕೊಳೋದು ಹೇಗೆ

ಫುಲ್ ಚಾರ್ಜಿಗೆ ಎಷ್ಟು ಹೋಗತ್ತೆ ನಿಮ್ ಕಾರು ಅಂತ ಯಾರಾದ್ರೂ ಕೇಳಿದ್ರೆ ನಾನೀಗ ಕಿಲೋಮೀಟರ್ ಹೇಳೋದೇ ಬಿಟ್ಬಿಟ್ಟಿದೀನಿ, ಎಷ್ಟು ಸ್ಪೀಡಲ್ಲಿ ಹೋಗ್ತೀರಾ ಅಂತ ವಾಪಸ್ ಕೇಳ್ತೀನಿ. ಇದು ಕಲಿತಿದ್ದು ಮೊದ್ಲನೇ ಲಾಂಗ್ ಟ್ರಿಪ್ಪಲ್ಲಿ. ಸ್ಕ್ರೀನಲ್ಲಿ 560 ಅಂತ ತೋರಿಸ್ತಿತ್ತು, ಹೋಗ್ಬೇಕಾಗಿದ್ದು ಬರೀ 400, ಇನ್ನೇನು ಚಿಂತೆ ಅಂತ 125ರಲ್ಲಿ ಬಿಟ್ಕೊಂಡು ಹೋದೆ, ಎದುರುಗಾಳಿ ಬೇರೆ ಇತ್ತು, ಕೊನೇ 30 ಕಿಲೋಮೀಟರ್ ಎಸಿ ಆಫ್ ಮಾಡಿ ಲಾರಿ ಹಿಂದೆ ಮುಖ ಸಣ್ಣದು ಮಾಡ್ಕೊಂಡು 60ರಲ್ಲಿ ಹೋಗಿ ಸೇರ್ಕೊಂಡಿದ್ದು. ಕಾರಿಂದೇನೂ ತಪ್ಪಿರ್ಲಿಲ್ಲ. ಆ 560 ಅನ್ನೋದು ಅದಕ್ಕೆ ಹಿಂದಿನ ಎರಡು ವಾರ ನಾನು ಸಿಟಿ ಒಳಗೆ ಓಡಿಸಿದ್ದರ ಮೇಲೆ ಹಾಕಿದ ಅಂದಾಜು ಅಷ್ಟೇ, ಮುಂದೆ ನಾನು ಹೆಂಗೆ ಓಡಿಸ್ತೀನಿ ಅಂತ ಅದಕ್ಕೇನು ಕನಸು ಬಿದ್ದಿತ್ತಾ.

ಹಂಗಾಗಿ ಮೊದಲ ಕೆಲಸ, ಸ್ಕ್ರೀನಲ್ಲಿ ಬ್ಯಾಟರಿ ಪಕ್ಕ ಕಿಲೋಮೀಟರ್ ತೋರಿಸೋದನ್ನ ಪರ್ಸೆಂಟಿಗೆ ಬದಲಾಯ್ಸಿ. ಆಮೇಲೆ ಕನ್ಸಂಪ್ಷನ್ ತೋರಿಸೋ ಪೇಜ್ ಎಲ್ಲಿದೆ ಅಂತ ಹುಡುಕಿ ಇಟ್ಕೊಳಿ. ಕೆಲವು ಕಾರಲ್ಲಿ 100 ಕಿಲೋಮೀಟರಿಗೆ ಎಷ್ಟು ಕಿಲೋವ್ಯಾಟ್ ಅವರ್ ಅಂತ ಇರತ್ತೆ, ಕೆಲವದ್ರಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ವ್ಯಾಟ್ ಅವರ್ ಅಂತ, 180 ವ್ಯಾಟ್ ಅವರ್ ಅಂದ್ರೂ 18 ಅಂದ್ರೂ ಒಂದೇ, ಪಾಯಿಂಟ್ ಜರುಗತ್ತೆ ಅಷ್ಟೇ. ಒಂದು ಕಿಲೋವ್ಯಾಟ್ ಅವರ್ ಅಂದ್ರೆ ಕರೆಂಟ್ ಬಿಲ್ಲಲ್ಲಿ ಬರೋ ಅದೇ ಒಂದು ಯೂನಿಟ್, ನಾನು ಇಲ್ಲಿಂದ ಮುಂದೆ ಯೂನಿಟ್ ಅಂತಾನೇ ಬರೀತೀನಿ.

ಕಂಪನಿ ಕೊಡೋ ನಂಬರ್ ಸುಳ್ಳಾ ಅಂದ್ರೆ ಸುಳ್ಳಲ್ಲ, ಆದ್ರೆ ಅದು ನಿಮ್ ರೋಡಲ್ಲಿ ಅಳೆದಿದ್ದಲ್ಲ. ಡಬ್ಲ್ಯೂಎಲ್‌ಟಿಪಿ ಟೆಸ್ಟ್ ಅಂದ್ರೆ ಯುರೋಪಲ್ಲಿ ಬಳಸೋ ಲ್ಯಾಬ್ ಟೆಸ್ಟ್, 30 ನಿಮಿಷ, 23 ಕಿಲೋಮೀಟರ್ ಚಿಲ್ರೆ, ನಿಂತಿದ್ದೂ ಸೇರಿ ಅವರೇಜ್ ಸ್ಪೀಡ್ 46.5, ಕೊನೆ ಹತ್ರ ಒಂದೇ ಸಲ 131 ಮುಟ್ಟಿ ಇಳಿಯತ್ತೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಟೆಸ್ಟಲ್ಲಿ ಲ್ಯಾಬಲ್ಲಿ ಬಂದಿದ್ದನ್ನ ಸಾಮಾನ್ಯವಾಗಿ 0.7ರಿಂದ ಗುಣಿಸಿ ಇಳಿಸ್ತಾರೆ, ಅದಕ್ಕೇ ಅದು ನಿಜಕ್ಕೆ ಸ್ವಲ್ಪ ಹತ್ರ ಇರತ್ತೆ. ಮರ್ಸಿಡಿಸ್ ಇಕ್ಯೂಎಸ್ 450+ ನೋಡಿ, ಬಂದಾಗ ಡಬ್ಲ್ಯೂಎಲ್‌ಟಿಪಿಲಿ 780 ಕಿಲೋಮೀಟರ್ ಹತ್ರ, ಇಪಿಎಲಿ 350 ಮೈಲಿ ಅಂದ್ರೆ 563 ಕಿಲೋಮೀಟರ್. ಒಂದೇ ಮಾಡೆಲ್, ಸುಮಾರು 108 ಯೂನಿಟ್ಟಿನ ಬ್ಯಾಟರಿ, 200 ಕಿಲೋಮೀಟರಿಗಿಂತ ಜಾಸ್ತಿ ವ್ಯತ್ಯಾಸ! ನೀವು ಎರಡು ಕಾರು ಹೋಲಿಸ್ತಿದ್ರೆ ಎರಡಕ್ಕೂ ಒಂದೇ ಟೆಸ್ಟಿನ ನಂಬರ್ ಇದ್ಯಾ ಅಂತ ನೋಡ್ಕೊಳಿ, ಅದು ಬಿಟ್ರೆ ಆ ನಂಬರಿಂದ ಜಾಸ್ತಿ ಉಪಯೋಗ ಇಲ್ಲ.

ಈಗ ನಿಮ್ ನಂಬರ್. ಎರಡೇ ಬೇಕು, ಬ್ಯಾಟರಿಲಿ ನಿಜವಾಗ್ಲೂ ಬಳಸೋಕೆ ಸಿಗೋದು ಎಷ್ಟು ಯೂನಿಟ್, ಮತ್ತೆ ನೂರು ಕಿಲೋಮೀಟರಿಗೆ ಖರ್ಚಾಗೋದು ಎಷ್ಟು ಯೂನಿಟ್.

ಮೊದಲನೇದಕ್ಕೆ ಬ್ರೋಷರಲ್ಲಿ ದೊಡ್ಡದಾಗಿ ಹಾಕಿರೋದನ್ನ ತಗೋಬೇಡಿ, ಅದು ಎಷ್ಟೋ ಸಲ ಒಟ್ಟು ಸೈಜ್, ಅದ್ರಲ್ಲಿ ಸ್ವಲ್ಪ ಭಾಗ ಕಾರು ಮುಟ್ಟೋಕೆ ಬಿಡಲ್ಲ. ನೀವೇ ತೆಗೀಬೋದು. 90 ಪರ್ಸೆಂಟ್ ಇದ್ದಾಗ ಟ್ರಿಪ್ ಮೀಟರ್ ರೀಸೆಟ್ ಮಾಡಿ, ಒಂದೇ ಓಟದಲ್ಲಿ 20 ಪರ್ಸೆಂಟ್ ಬರೋ ತನಕ ಓಡ್ಸಿ, ಅಷ್ಟರಲ್ಲಿ ಎಷ್ಟು ಯೂನಿಟ್ ಖರ್ಚಾಯ್ತು ಅಂತ ನೋಡಿ 0.7ರಿಂದ ಭಾಗಿಸಿ. 63 ಯೂನಿಟ್ ಖರ್ಚಾಗಿದ್ರೆ 90 ಯೂನಿಟ್ ಸಿಗತ್ತೆ ಅಂತ ಅರ್ಥ. ಒಂದೇ ಓಟದಲ್ಲಿ ಅಂದಿದ್ದು ಯಾಕಂದ್ರೆ ನಿಂತಾಗ ಸೋರೋದನ್ನ ಟ್ರಿಪ್ ಮೀಟರ್ ಎಷ್ಟೋ ಕಾರಲ್ಲಿ ಲೆಕ್ಕಕ್ಕೆ ತಗೊಳಲ್ಲ, ಮಧ್ಯ ರಾತ್ರಿ ನಿಲ್ಲಿಸಿದ್ರೆ ನಿಮ್ ಲೆಕ್ಕ ಹಳ್ಳ ಹಿಡಿಯತ್ತೆ.

ಎರಡನೇದು ಒಂದು ನಂಬರ್ ಅಲ್ಲ, ಸ್ಪೀಡಿಗೊಂದು ನಂಬರ್, ನಿಜವಾದ ಮಜಾ ಇರೋದೇ ಇಲ್ಲಿ. ಟ್ರಾಫಿಕ್ ಕಮ್ಮಿ ಇರೋ ಸಮತಟ್ಟಾದ ಹೈವೇ, ಗಾಳಿ ಇಲ್ಲದ ದಿನ, 20 ನಿಮಿಷ ಓಡಿಸಿ ಎಲ್ಲಾ ಬಿಸಿ ಆದ್ಮೇಲೆ ರೀಸೆಟ್ ಮಾಡಿ, ಕ್ರೂಸ್ ಕಂಟ್ರೋಲಲ್ಲಿ 20 ಕಿಲೋಮೀಟರ್ ಹೋಗಿ, ಅದೇ ದಾರೀಲಿ ಅದೇ ಸ್ಪೀಡಲ್ಲಿ ವಾಪಸ್ ಬನ್ನಿ, ಎರಡರ ಅವರೇಜ್ ಬರ್ಕೊಳಿ. ವಾಪಸ್ ಬರೋದು ಬಿಟ್ರೆ ಏರು ಇಳಿಜಾರು ಗಾಳಿ ಎಲ್ಲಾ ಸೇರ್ಕೊಂಡು ನಂಬರ್ ಕೆಡ್ಸತ್ತೆ. ಕಾನೂನು ಬಿಡೋ ಮಿತಿಯೊಳಗೇ 80, 100, 120 ಹೀಗೆ ಎರಡು ಮೂರು ಸ್ಪೀಡಿಗೆ ಮಾಡಿದ್ರೆ ಸಾಕು.

ಏನು ಬರ್ಬೋದು ಅಂತ ಒಂದು ಅಂದಾಜು ಕೊಡ್ತೀನಿ. ಜನ ಸೇರಿ 2300 ಕೆಜಿ ತೂಕ, ಗಾಳಿ ಸೀಳೋ ಗುಣಾಂಕ 0.22 (ಕಮ್ಮಿ ಇದ್ದಷ್ಟೂ ಒಳ್ಳೇದು, ಲೂಸಿಡ್ ಏರ್ 0.20ಕ್ಕೂ ಕೆಳಗೆ, ಇಕ್ಯೂಎಸ್ 0.20, ಮೊದ್ಲಿನ ಟೆಸ್ಲಾ ಮಾಡೆಲ್ ಎಸ್ 0.24, ಹಂಗಾಗಿ ನಡುವಿಂದು ತಗೊಂಡೆ), 20 ಡಿಗ್ರಿ ಹವಾ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ 80ರಲ್ಲಿ ನೂರು ಕಿಲೋಮೀಟರಿಗೆ 12 ಯೂನಿಟ್, 100ರಲ್ಲಿ 14.6, 120ರಲ್ಲಿ 18, 130ರಲ್ಲಿ 20 ಹತ್ರ ಬರತ್ತೆ. 90 ಯೂನಿಟ್ ಬ್ಯಾಟರಿಗೆ ಅದು 750, 615, 500, 450 ಕಿಲೋಮೀಟರ್. ಅದೇ ಕಾರು ಅದೇ ಬ್ಯಾಟರಿ, 80ರಿಂದ 130ಕ್ಕೆ ಹೋದ್ರೆ 300 ಕಿಲೋಮೀಟರ್ ಮಾಯ. ಕಾರಣ ಗಾಳಿ, ಸ್ಪೀಡ್ ಡಬಲ್ ಆದ್ರೆ ಗಾಳಿ ಒತ್ತೋ ಬಲ ನಾಲ್ಕು ಪಟ್ಟು. ಟೈರ್ ಉರುಳೋ ಖರ್ಚು ಮಾತ್ರ ಸ್ಪೀಡಿಗೆ ಅಷ್ಟಾಗಿ ಬದಲಾಗಲ್ಲ, ಈ ಕಾರಲ್ಲಿ ಸುಮಾರು 90ರ ತನಕ ಟೈರ್ ಖರ್ಚೇ ಜಾಸ್ತಿ, ಅದ್ರ ಮೇಲೆ ಗಾಳಿದೇ ದರ್ಬಾರು. ಎದುರುಗಾಳೀನೂ ಇದೇ ಲೆಕ್ಕ, 20 ಕಿಲೋಮೀಟರ್ ಸ್ಪೀಡಿನ ಗಾಳಿ ಎದುರಿಂದ ಬಂತು ಅಂದ್ರೆ ನೀವು 100ರಲ್ಲಿ ಹೋದ್ರೂ ಗಾಳಿ ಪಾಲಿಗೆ 120, ಖರ್ಚೂ ಹದಿನೆಂಟಕ್ಕೆ ಏರತ್ತೆ. ಕಾರ್ ಮೇಲೆ ಕ್ಯಾರಿಯರ್ ಬಾಕ್ಸ್ ಕಟ್ಟಿದ್ರೆ ಕಂಪನಿಯವ್ರು ವಿಂಡ್ ಟನಲ್ಲಲ್ಲಿ ಮಾಡಿದ್ದೆಲ್ಲಾ ನೀರಲ್ಲಿ ಹೋಮ.

ತೂಕದ ಬಗ್ಗೆ ಜನ ಸುಮ್ನೆ ತಲೆ ಕೆಡಿಸ್ಕೋತಾರೆ. ಇನ್ನೂ 300 ಕೆಜಿ ಜನ ಲಗೇಜ್ ತುಂಬಿಸಿದ್ರೂ ಸಮತಟ್ಟು ರೋಡಲ್ಲಿ ನೂರು ಕಿಲೋಮೀಟರಿಗೆ ಒಂದು ಯೂನಿಟ್ಟೂ ಜಾಸ್ತಿ ಆಗಲ್ಲ, ಯಾರನ್ನೂ ಬಿಟ್ಟು ಹೋಗ್ಬೇಕಾಗಿಲ್ಲ. ಘಾಟಿ ಹತ್ತೋವಾಗ ಮಾತ್ರ ತೂಕ ಕಾಣತ್ತೆ, 1000 ಮೀಟರ್ ಎತ್ತರ ಹತ್ತೋಕೆ ಈ ಕಾರಿಗೆ ಸುಮಾರು 7 ಯೂನಿಟ್ ಎಕ್ಸ್ಟ್ರಾ ಬೇಕು, ಇಳಿಯೋವಾಗ ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿನೇ ವಾಪಸ್ ಬರತ್ತೆ ಆದ್ರೆ ಪೂರ್ತಿ ಬರಲ್ಲ. ಇನ್ನೊಂದು, ಬೆಟ್ಟದ ಮೇಲೆ ಇರೋವಾಗ ನೂರಕ್ಕೆ ನೂರು ಚಾರ್ಜ್ ಮಾಡ್ಕೊಂಡು ಹೊರಡ್ಬೇಡಿ, ತುಂಬಿದ ಬ್ಯಾಟರಿಗೆ ರೀಜೆನ್ (ವೇಗ ಇಳಿಸೋವಾಗ ಮೋಟರ್ ಮಾಡೋ ಕರೆಂಟ್) ಹಾಕೋಕೆ ಜಾಗನೇ ಇರಲ್ಲ, ಇಳಿಜಾರಿನ ಕರೆಂಟೆಲ್ಲಾ ಬ್ರೇಕ್ ಬಿಸಿ ಆಗಿ ಹೋಗತ್ತೆ.

ಚಕ್ರದ ಸೈಜ್ ಅಂತೂ ದುಡ್ಡು ಕೊಟ್ಟು ರೇಂಜ್ ಕಳ್ಕೊಳೋ ಕೆಲಸ. 2021ರ ಮಾಡೆಲ್ ಎಸ್ ಪ್ಲೇಡಿಗೆ ಇಪಿಎ ರೇಂಜ್ 19 ಇಂಚಿನ ಚಕ್ರದಲ್ಲಿ 396 ಮೈಲಿ, 21 ಇಂಚಲ್ಲಿ 348, ಅಂದ್ರೆ 637 ಇದ್ದಿದ್ದು 560 ಕಿಲೋಮೀಟರಿಗೆ ಇಳೀತು. ಲೂಸಿಡ್ ಏರ್ ಗ್ರ್ಯಾಂಡ್ ಟೂರಿಂಗಲ್ಲೂ ಹಂಗೇ, 516 ಮೈಲಿ ಇದ್ದಿದ್ದು 469. ನೋಡೋಕೆ ಚೆನ್ನಾಗಿರತ್ತೆ ನಿಜ, ನಾನು ಚಿಕ್ಕದೇ ತಗೊಳಿ ಅಂತೀನಿ. ಟೈರ್ ಪ್ರೆಷರ್ ತಣ್ಣಗಿದ್ದಾಗ ನೋಡಿ, ಹೊರಗಿನ ಬಿಸಿ 10 ಡಿಗ್ರಿ ಇಳಿದ್ರೆ ಹತ್ರ ಹತ್ರ 2 ಪಿಎಸ್ಐ ಇಳಿದಿರತ್ತೆ.

ಎಸಿ ಮತ್ತೆ ಹೀಟರ್ ವಿಷಯದಲ್ಲಿ ಒಂದು ನೆನಪಿಟ್ಕೊಂಡ್ರೆ ಸಾಕು, ಚಕ್ರಕ್ಕೆ ಕಿಲೋಮೀಟರ್ ಲೆಕ್ಕ, ಎಸಿಗೆ ಗಂಟೆ ಲೆಕ್ಕ. ಎಸಿ ಗಂಟೆಗೆ ಒಂದೂವರೆ ಯೂನಿಟ್ ತಿನ್ನತ್ತೆ ಅಂದ್ಕೊಳಿ. 100ರಲ್ಲಿ ಹೋಗ್ತಿದ್ರೆ ನೂರು ಕಿಲೋಮೀಟರಿಗೆ ಒಂದೇ ಗಂಟೆ, ಅಂದ್ರೆ ಒಂದೂವರೆ ಯೂನಿಟ್, ಗೊತ್ತೂ ಆಗಲ್ಲ. ಟ್ರಾಫಿಕ್ಕಲ್ಲಿ 20ರ ಅವರೇಜಲ್ಲಿ ತೆವಳ್ತಿದ್ರೆ ಅದೇ ನೂರು ಕಿಲೋಮೀಟರಿಗೆ 5 ಗಂಟೆ, ಏಳೂವರೆ ಯೂನಿಟ್, ಹೈವೇಲಿ 100ರಲ್ಲಿ ಚಕ್ರ ತಿಂದಿದ್ದರ ಅರ್ಧ! ಹಂಗಾಗಿ ಹೈವೇಲಿ ಎಸಿ ಆಫ್ ಮಾಡಿ ಬೆವರೋದು ದಡ್ಡತನ (ನಾನು ಮಾಡಿದ್ದು ಗೊತ್ತಲ್ಲ), ಅದ್ರ ಬದ್ಲು 120ರಿಂದ ಸ್ಪೀಡ್ ಹತ್ತು ಇಳಿಸಿದ್ರೆ ಜಾಸ್ತಿ ಉಳಿಯತ್ತೆ. ಚಳಿ ದೇಶದಲ್ಲಿ ಹೀಟರ್ ಇನ್ನೂ ಹೊಟ್ಟೆಬಾಕ, ಹೀಟ್ ಪಂಪ್ (ಎಸಿನೇ ಉಲ್ಟಾ ಓಡಿಸಿ ಹೊರಗಿನ ಬಿಸಿ ಒಳಗೆ ತರೋ ವ್ಯವಸ್ಥೆ) ಇಲ್ಲದ ಕಾರಲ್ಲಿ ಶುರುವಿಗೆ ಗಂಟೆಗೆ 3 ಯೂನಿಟ್ಟಿಗೂ ಮೇಲೆ ಎಳೀಬೋದು, 5 ಕಿಲೋಮೀಟರಿನ ಸಣ್ಣ ಓಟಗಳಲ್ಲಿ ಮೀಟರ್ 30 ತೋರಿಸಿದ್ರೂ ಗಾಬರಿ ಬೇಡ, ಪ್ರತಿ ಸಲ ತಣ್ಣಗಿನ ಕಾರನ್ನ ಹೊಸದಾಗಿ ಬಿಸಿ ಮಾಡ್ತಿದೆ ಅಷ್ಟೇ. ಇದಕ್ಕೆ ಮದ್ದು ಹೊರಡೋಕೆ ಮುಂಚೆ ಚಾರ್ಜರ್ ಚುಚ್ಚಿರೋವಾಗ್ಲೇ ಒಳಗೆ ಬಿಸಿ ಅಥ್ವಾ ತಂಪು ಮಾಡ್ಕೊಳೋದು, ಖರ್ಚು ಗೋಡೆಯಿಂದ ಹೋಗತ್ತೆ, ಬ್ಯಾಟರಿ ಹಂಗೇ ಇರತ್ತೆ. ಚಳೀಲಿ ಗಾಳೀನೂ ದಪ್ಪ, ಮೈನಸ್ 10ರಲ್ಲಿ 20 ಡಿಗ್ರಿಗಿಂತ ಶೇಕಡ 11ರಷ್ಟು ಜಾಸ್ತಿ ಸಾಂದ್ರ, ಅದು ಹೀಟರ್ ಆಫ್ ಮಾಡಿದ್ರೂ ತಪ್ಪಲ್ಲ. ಮಳೆ ನೀರು ನಿಂತ ರೋಡಲ್ಲೂ ಖರ್ಚು ಏರತ್ತೆ, ಟೈರ್ ನೀರು ತಳ್ಕೊಂಡು ಹೋಗ್ಬೇಕಲ್ಲ.

ಸರಿ, ಈಗ ಒಂದು ಟ್ರಿಪ್ ಪ್ಲಾನ್ ಮಾಡೋಣ. 380 ಕಿಲೋಮೀಟರ್ ದೂರ, ಹೋಗೋ ಜಾಗ 600 ಮೀಟರ್ ಎತ್ತರದಲ್ಲಿದೆ, 95 ಪರ್ಸೆಂಟಲ್ಲಿ ಹೊರಟು 12 ಪರ್ಸೆಂಟಲ್ಲಿ ಸೇರ್ಬೇಕು. ಸಿಗೋದು 83 ಪರ್ಸೆಂಟ್, 90ರಲ್ಲಿ ಅದು 74.7 ಯೂನಿಟ್. ಎತ್ತರಕ್ಕೆ 4.2 ತೆಗೆದಿಡಿ, ಉಳಿದಿದ್ದು 70.5. 120ರಲ್ಲಿ ಹೋದ್ರೆ 18ರ ಲೆಕ್ಕಕ್ಕೆ 68.4 ಬೇಕು, ಸೇರ್ತೀರಾ, ಆದ್ರೆ ಒಂಚೂರು ಎದುರುಗಾಳಿ ಬಂದ್ರೂ ಆ 12 ಪರ್ಸೆಂಟಿಗೆ ಕೈ ಹಾಕ್ಬೇಕಾಗತ್ತೆ. 110ರಲ್ಲಿ ಹೋದ್ರೆ 16ರ ಲೆಕ್ಕಕ್ಕೆ 61, ಕೈಯಲ್ಲಿ 9 ಯೂನಿಟ್ ಮಿಗತ್ತೆ, ಟೈಮ್ ಜಾಸ್ತಿ ಆಗೋದು 17 ನಿಮಿಷ. ದಾರೀಲಿ ನಿಂತು ಚಾರ್ಜ್ ಮಾಡೋಕೆ, ಹೈವೇ ಬಿಟ್ಟು ಒಳಗೆ ಹೋಗಿ ಪ್ಲಗ್ ಹಾಕಿ ಕಾದು ವಾಪಸ್ ಬರೋದ್ರಲ್ಲಿ ಅಷ್ಟು ಟೈಮ್ ಹೋಗಿರತ್ತೆ. ಚಾರ್ಜಿಂಗ್ ಫಾಸ್ಟ್ ಇದ್ದು ಹೆಂಗೂ ಊಟಕ್ಕೆ ನಿಲ್ಲಲೇಬೇಕು ಅಂದ್ರೆ ಮಾತು ಬೇರೆ, ಆಗ 120ರಲ್ಲೇ ಹೋಗಿ.

ಹೊರಟ್ಮೇಲೆ ಮಾಡ್ಬೇಕಾಗಿದ್ದು ಒಂದೇ, ರೀಸೆಟ್ ಮಾಡ್ಕೊಂಡು ಮೊದಲ 50 ಕಿಲೋಮೀಟರ್ ಆದ್ಮೇಲೆ ಅವರೇಜ್ ನೋಡೋದು. ನಿಮ್ ಬಜೆಟ್ 18.5 (ಆ 70.5 ಯೂನಿಟ್ಟನ್ನ 380 ಕಿಲೋಮೀಟರಿಗೆ ಹಂಚಿದ್ರೆ ನೂರಕ್ಕೆ ಬರೋದು) ಇದ್ದು ಅದು 20 ತೋರಿಸ್ತಿದ್ರೆ ಅವಾಗ್ಲೇ ಹತ್ತು ಇಳಿಸಿ. ಮೊದ್ಲೇ ಹತ್ತು ಇಳಿಸಿದ್ರೆ ಸಾಲ್ತಿದ್ದಿದ್ದು ಕೊನೇಲಿ ನಲವತ್ತು ಇಳಿಸಿದ್ರೂ ಸಾಲಲ್ಲ. ಫಾಸ್ಟ್ ಚಾರ್ಜರನ್ನ ನ್ಯಾವಿಗೇಷನ್ನಲ್ಲಿ ಹಾಕಿದ್ರೆ ಕೆಲವು ಕಾರುಗಳು ಬ್ಯಾಟರಿ ಬಿಸಿ ಮಾಡೋಕೆ ಶುರು ಮಾಡ್ತವೆ, ಮೀಟರ್ ದಿಢೀರ್ ಏರಿದ್ರೆ ಅದೂ ಕಾರಣ ಇರ್ಬೋದು.

ಬಿಲ್ ಲೆಕ್ಕ ಹಾಕೋವಾಗ ಸ್ಕ್ರೀನ್ ನಂಬರ್ ಸಾಲಲ್ಲ, ಯಾಕಂದ್ರೆ ಗೋಡೆಯಿಂದ ಎಳೆದಿದ್ದೆಲ್ಲಾ ಬ್ಯಾಟರಿಗೆ ಹೋಗಲ್ಲ. ಎಸಿ ಚಾರ್ಜಿಂಗಲ್ಲಿ (ಇಲ್ಲಿ ಎಸಿ ಅಂದ್ರೆ ತಂಪು ಮಾಡೋದಲ್ಲ, ಮನೆಗೆ ಬರೋ ಆಲ್ಟರ್ನೇಟಿಂಗ್ ಕರೆಂಟ್) ಹತ್ತು ಪರ್ಸೆಂಟ್ ಹತ್ರ ದಾರೀಲೇ ಹೋಗತ್ತೆ, ಸಾಮಾನ್ಯ ಸಾಕೆಟ್ಟಲ್ಲಿ ನಿಧಾನಕ್ಕೆ ಹಾಕಿದ್ರೆ ಇನ್ನೂ ಜಾಸ್ತಿ, ಚಾರ್ಜ್ ಆಗೋ ಅಷ್ಟೂ ಹೊತ್ತು ಕಾರಿನ ಎಲೆಕ್ಟ್ರಾನಿಕ್ಸ್ ಎದ್ದು ಕೂತಿರತ್ತಲ್ಲ. ನಿಂತಾಗ ಕಾವಲು ಕಾಯೋ ಕ್ಯಾಮೆರಾ ಮೋಡ್ ಆನ್ ಇಟ್ರೆ, 250 ವ್ಯಾಟ್ ಎಳೀತು ಅಂದ್ರೂ ದಿನಕ್ಕೆ 6 ಯೂನಿಟ್, 100ರಲ್ಲಿ ಅದು 40 ಕಿಲೋಮೀಟರ್ ಓಡೋಷ್ಟು. ವಾರಗಟ್ಟಲೆ ಪಾರ್ಕ್ ಮಾಡಿ ಹೋಗೋವಾಗ ಮರೀದೆ ಆಫ್ ಮಾಡಿ.

ಈ ಎಲ್ಲಾ ನಂಬರನ್ನ ಫೋನಲ್ಲಿ ಒಂದು ನೋಟಲ್ಲಿ ಹಾಕಿಡಿ, ಸ್ಪೀಡ್, ಹೊರಗಿನ ಡಿಗ್ರಿ, ಗಾಳಿ, ಬಂದ ಅವರೇಜ್ ಇಷ್ಟೇ. ಟೈರ್ ಬದಲಾಯಿಸಿದಾಗ ಒಂದ್ಸಲ ಮತ್ತೆ ಅಳೀರಿ, ಹೊಸ ಟೈರ್ ಹಾಕಿದ ಶುರುವಿಗೆ ಖರ್ಚು ಏರೋದು ಸಹಜ. 90ರಿಂದ 20ರ ಟೆಸ್ಟ್ ಮಾತ್ರ ವರ್ಷಕ್ಕೊಂದ್ಸಲ, ಸುಮಾರು ಅದೇ ಹವಾಮಾನದಲ್ಲಿ ಮಾಡಿ, 90 ಇದ್ದಿದ್ದು 86 ಆಗಿದ್ರೆ ಪ್ಲಾನ್ ಲೆಕ್ಕದಲ್ಲಿ 86 ಹಾಕ್ಕೊಳಿ.