ಮಂದ ಬೆಳಕಿನ ಫೋಟೊಗೆ ಲೆನ್ಸ್ ಮೊದಲು, ಬಾಡಿ ಆಮೇಲೆ

ಮೂಡಿಗೆರೆ ಹತ್ತಿರ ನಮ್ಮಕ್ಕನ ಮನೆ. ಆಷಾಢದ ಮಳೆಗೆ ಕರೆಂಟು ಹೋದರೆ ಯಾವಾಗ ಬರುತ್ತದೋ ಯಾರೂ ಕೇಳುವುದಿಲ್ಲ. ಅಂಥದ್ದೊಂದು ಸಂಜೆ ಅಕ್ಕನ ಅತ್ತೆ ಒಲೆ ಮುಂದೆ ಕೂತು ಹಲಸಿನ ಬೀಜ ಸುಡುತ್ತಿದ್ದರು. ಸೋದರಳಿಯ ಹೊಸ ಕ್ಯಾಮೆರಾ ತಂದು ಫಟ್ ಅಂತ ಫ್ಲಾಶ್ ಹೊಡೆದ. ‘ಥೂ, ಕಣ್ಣು ಹೋಯ್ತಲ್ಲೋ!’ ಅಂತ ಅಜ್ಜಿ ಸೆರಗು ಮುಖಕ್ಕೆ ಎಳೆದುಕೊಂಡರು. ಫ್ಲಾಶ್ ಆರಿಸಿ ತೆಗೆದ ಇಪ್ಪತ್ತು ಫೋಟೊಗಳಲ್ಲಿ ಅಜ್ಜಿಗೆ ಎರಡೆರಡು ಮೂಗು.

‘ಮಾವ, ಈ ಬಾಡಿ ಸರಿ ಇಲ್ಲ. ಮಾರಿ ಫುಲ್ ಫ್ರೇಮ್ ತಗೊಳ್ತೀನಿ’ ಅಂದ.

ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಫುಲ್ ಫ್ರೇಮ್ ಅಂದರೆ ಒಳಗೆ ದೊಡ್ಡ ಸೆನ್ಸರ್ ಇರುವ ಬಾಡಿ. ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಕ್ರಮವಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಲೆನ್ಸಿನ ಬಾಯಿ ನೋಡಿ

ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸಿನ ಮೇಲೆ 3.5-5.6 ಅಂತ ಬರೆದಿರುತ್ತದೆ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. 55ಕ್ಕೆ ಜೂಮ್ ಮಾಡಿದಾಗ ಅದು ಎಫ್ 5.6ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಎಫ್ 1.8ರ ಲೆನ್ಸ್ ಅದರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಕಿಟ್ ಲೆನ್ಸಿನಲ್ಲಿ ಶಟರ್ ಸೆಕೆಂಡಿನ 1/12 ಭಾಗ ತೆರೆದಿರಬೇಕಾದ ಜಾಗದಲ್ಲಿ ಇದಕ್ಕೆ 1/125 ಸಾಕು. ಮಾತಾಡುತ್ತಾ ಕೈ ಆಡಿಸುವವರಿಗೆ 1/125 ಬೇಕೇ ಬೇಕು. ಓಡಾಡುವ ಮಕ್ಕಳಿದ್ದರೆ 1/250.

‘ಸ್ಟೆಬಿಲೈಸರ್ ಇದೆಯಲ್ಲ ಸಾರ್’ ಅಂತ ಅಂಗಡಿಯವರು ಹೇಳುತ್ತಾರೆ. ಇದೆ. ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಅಜ್ಜಿ ಇಕ್ಕಳ ತಿರುಗಿಸುವುದನ್ನು ಅದು ತಡೆಯುವುದಿಲ್ಲ.

ಬಾಡಿ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಈಚಿನ ಹತ್ತು ವರ್ಷದಲ್ಲಿ ಬಂದ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಬಾಡಿ ಯಾವುದಿದ್ದರೂ, ಕತ್ತಲಲ್ಲಿ ಏರಿಸುವ ಐಎಸ್ಒ ಸೆಟ್ಟಿಂಗ್ 3200ರಲ್ಲಿ ಮನೆ ಆಲ್ಬಮ್ಮಿಗೆ ಸಾಕಾಗುವ ಫೋಟೊ ಬರುತ್ತದೆ. ಫುಲ್ ಫ್ರೇಮ್‌ನಿಂದ ಸಿಗುವುದು ಸುಮಾರು ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕಿನ ಲಾಭ. ಲೆನ್ಸ್ ಬದಲಿಸಿದರೆ ಮೂರು ಸ್ಟಾಪಿಗಿಂತ ಜಾಸ್ತಿ.

ಎರಡನೇ ಹೆಜ್ಜೆ: 35 ಬೇಕಾ, 50 ಬೇಕಾ

ದುಡ್ಡು ದಂಡ ಆಗುವುದು ಹೆಚ್ಚಾಗಿ ಇಲ್ಲೇ. ಈ ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ಫೋಟೊದಲ್ಲಿ ಜಾಸ್ತಿ ಜಾಗ ಹಿಡಿಯುತ್ತದೆ. 50 ಎಂಎಂ ಎಫ್ 1.8 ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದನ್ನೇ ಕೈಗೆ ಕೊಡುತ್ತಾರೆ. ‘ಮೊದಲ ಲೆನ್ಸ್ ಅಂದ್ರೆ 50’ ಅನ್ನುವುದು ಫಿಲಂ ಕಾಲದ ಮಾತು. ಎಪಿಎಸ್-ಸಿ ಬಾಡಿಗೆ ಹಾಕಿದರೆ ಅದೇ 50, ಸೋನಿ, ನಿಕಾನ್, ಫ್ಯೂಜಿಯಲ್ಲಿ 75ರಂತೆ, ಕ್ಯಾನನ್‌ನಲ್ಲಿ 80ರಂತೆ ಕಾಣಿಸುತ್ತದೆ. ಅಕ್ಕನ ಅಡುಗೆಮನೆಯಲ್ಲಿ ಬೆನ್ನು ಗೋಡೆಗೆ ತಾಗಿಸಿ ನಿಂತರೂ ಅಜ್ಜಿಯ ಮುಖ ಮಾತ್ರ ಸಿಗುತ್ತದೆ. ಒಲೆಯೂ ಇಲ್ಲ, ಬೀಜದ ಬುಟ್ಟಿಯೂ ಇಲ್ಲ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಜೂಮ್ ರಿಂಗಿಗೆ ಟೇಪ್ ಸುತ್ತಿ. ಪೇಂಟರ್‌ಗಳು ಹಾಕುವ ಪೇಪರ್ ಟೇಪ್ ಆಗಬೇಕು. ಸೆಲೋಟೇಪ್ ಹಾಕಿದರೆ ಅಂಟು ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಒಂದು ವಾರ ಮನೆಯೊಳಗೆ, ಜಗಲಿಯಲ್ಲಿ, ನೆಂಟರ ಮನೆಯಲ್ಲಿ ಅದರಲ್ಲೇ ತೆಗೆಯಿರಿ. ಫೋಟೊ ಅಲುಗಾಡಿದರೆ ಆಡಲಿ, ಈಗ ನೋಡುತ್ತಿರುವುದು ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನು ಮಾತ್ರ. ಮುಂದಿನ ವಾರ 50ಕ್ಕೆ ಟೇಪ್. ಹಿಂದೆ ಸರಿದು ಸರಿದು ಬಾಗಿಲ ಹೊಸ್ತಿಲು ಎಡವಿದ್ದು ಯಾವ ವಾರ ಜಾಸ್ತಿ ಅಂತ ನಿಮಗೇ ಗೊತ್ತಾಗುತ್ತದೆ.

ನನ್ನ ಮಾತು ಕೇಳಿದರೆ 35. ಹಾಸನದ ದೊಡ್ಡ ಕಲ್ಯಾಣ ಮಂಟಪಗಳಲ್ಲಿ ಮಾತ್ರ ತೆಗೆಯುವವರು 50 ತಗೊಳ್ಳಿ, ಅಲ್ಲಿ ಹಿಂದೆ ಸರಿಯಲು ಜಾಗ ಇರುತ್ತದೆ. ನಿಕಾನ್‌ನ ಡಿಎಕ್ಸ್ (ಎಪಿಎಸ್-ಸಿಗೆ ನಿಕಾನ್ ಇಟ್ಟ ಹೆಸರು) 35 ಎಫ್ 1.8 ಬಂದಿದ್ದು 2009ರಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ ಚೆನ್ನಾಗಿರುವುದು ಸಿಗುತ್ತದೆ. ಸೋನಿಯಲ್ಲಿ 35 ಎಫ್ 1.8, ಫ್ಯೂಜಿಯಲ್ಲಿ 35 ಎಫ್ 2, ಕ್ಯಾನನ್ ಮಿರರ್‌ಲೆಸ್‌ನಲ್ಲಿ ಆರ್‌ಎಫ್ 35 ಎಫ್ 1.8.

ಒಂದು ಎಚ್ಚರ. 35ರಲ್ಲಿ ಎಫ್ 1.8 ಇಟ್ಟು ಒಂದು ಮೀಟರ್ ದೂರದಿಂದ ತೆಗೆದರೆ, ಚೂಪಾಗಿ ಬರುವುದು ಸುಮಾರು ಆರು ಸೆಂಟಿಮೀಟರ್ ಆಳ ಮಾತ್ರ. ಕಣ್ಣು ಸರಿ, ಕಿವಿ ಮಸುಕು. ಇಬ್ಬರಿದ್ದರೆ ಎಫ್ 2.8 ಇಡಿ.

ಮೂರನೇ ಹೆಜ್ಜೆ: ಅಂಗಡಿಯಲ್ಲಿ

ನಿಮ್ಮ ಬಾಡಿ ತಗೊಂಡೇ ಹೋಗಿ. ನಿಕಾನ್‌ನ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ತನ್ನದೇ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಬಿಲ್ ಬರೆಯುವ ಹುಡುಗನದ್ದೇ ಹತ್ತು ಫೋಟೊ ತೆಗೆದು, ಕಣ್ಣನ್ನು ದೊಡ್ಡದು ಮಾಡಿ ನೋಡಿ.

ಹಳೆಯ ಲೆನ್ಸ್ ಆದರೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟು ಎದ್ದು ಬನ್ನಿ. ನಾನು ಒಮ್ಮೆ ‘ಮೂಲೆಯಲ್ಲಿ ಚೂರೇ ಚೂರು’ ಅಂದಿದ್ದನ್ನು ನಂಬಿ ತಂದೆ. ಒಂದೇ ಮಳೆಗಾಲಕ್ಕೆ ಅದು ನಡುವಿಗೆ ಬಂತು. ಮಲೆನಾಡಿನ ತೇವಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಇರಲೇಬೇಕು. ಬೀರುವಿನಲ್ಲಿ ಬಟ್ಟೆ ನಡುವೆ ಇಡಬೇಡಿ. ಅಕ್ಕಿ ಡಬ್ಬದ ಉಪಾಯವೂ ಬೇಡ. ಅಕ್ಕಿಯ ಧೂಳು ರಿಂಗಿನೊಳಗೆ ಕೂರುತ್ತದೆ.

ಲೆನ್ಸ್ ಜೊತೆ ತಳ್ಳುವ ಅಗ್ಗದ ಯುವಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಗಾಜು, ಬೇಡವೇ ಬೇಡ. ಹಾಸನಾಂಬ ದರ್ಶನದ ದಿನಗಳಲ್ಲಿ ಅದನ್ನು ಹಾಕಿಕೊಂಡು ಬೀದಿಯ ದೀಪಾಲಂಕಾರದ ಫೋಟೊ ತೆಗೆದು ನೋಡಿ, ಇಲ್ಲದ ದೀಪಗಳೂ ಆಕಾಶದಲ್ಲಿ ಕಾಣುತ್ತವೆ.

ಕೊನೆಯ ಹೆಜ್ಜೆ: ಸೆಟ್ಟಿಂಗ್

ಮ್ಯಾನುವಲ್ ಮೋಡ್, ಎಫ್ 2, 1/125, ಆಟೊ ಐಎಸ್ಒ, ಮಿತಿ 6400. ಫೋಕಸ್‌ಗೆ ಹತ್ತುವ ಚಿಕ್ಕ ದೀಪ ಆರಿಸಿ, ಅದು ಹತ್ತಿದರೆ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಸೈಲೆಂಟ್ ಶಟರ್ ಚಂದ, ಆದರೆ ಕೆಲವು ಎಲ್‌ಇಡಿ ಬಲ್ಬಿನ ಕೆಳಗೆ ಫೋಟೊ ತುಂಬ ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆಗ ಶಟರ್ 1/100ಕ್ಕೆ ಇಡಿ.

ದುಡ್ಡು ಸಾಲದಿದ್ದರೆ ಕಿಟ್ ಜೊತೆ ಬಂದ 70-300 ಮಾರಿ. ಕತ್ತಲ ಮನೆಯಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಸೋದರಳಿಯನಿಗೂ ಹೇಳಿದೆ. 35 ತಗೊಂಡ, ಅಜ್ಜಿಯ ಫೋಟೊ ಒಲೆ ಸಮೇತ ಬಂತು. 70-300 ಮಾತ್ರ ಇನ್ನೂ ಮಾರಿಲ್ಲ. ತೋಟಕ್ಕೆ ಮಂಗಟ್ಟೆ ಹಕ್ಕಿ ಬರುತ್ತದಂತೆ.